ಹಾಡುಗಾರನ ಬೆನ್ನು ಹಿಡಿದು ಚಾಂಗ್‌ಆನ್‌ಗೆ

ಒಬ್ಬ ಕಲಾವಿದನ ಮೇಲಿನ ಒಲವಿನಿಂದಲೇ ಒಂದು ಕೃತಿಯನ್ನು ನೋಡಹೊರಡುವುದು ರಸಿಕರ ಗೋಷ್ಠಿಯಲ್ಲಿ ಅಷ್ಟೇನೂ ಗೌರವದ ಮಾತಲ್ಲ. ಕೃತಿಯನ್ನು ಕೃತಿಗಾಗಿ ನೋಡಬೇಕು, ನಟನಿಗಾಗಿ ಅಲ್ಲ ಎಂಬುದು ವಿಮರ್ಶೆ ನಮಗೆ ಕಲಿಸುವ ಮೊದಲ ಪಾಠ. ಹೀಗಿದ್ದೂ 48 ಕಂತುಗಳ ಒಂದು ಚೀನೀ ಟೆಲಿವಿಷನ್ ಧಾರಾವಾಹಿಯನ್ನು ನಾನು ಆದ್ಯಂತವಾಗಿ ನೋಡಿದ್ದು, ಅದರಲ್ಲಿ ನನಗೆ ಪ್ರಿಯನಾದ ಒಬ್ಬ ತರುಣ ಹಾಡುಗಾರ ಪಾತ್ರ ವಹಿಸಿದ್ದಾನೆಂಬ ಒಂದೇ ಕಾರಣಕ್ಕೆ. ಇದನ್ನು ಸಂಕೋಚವಿಲ್ಲದೆ ಹೇಳುತ್ತಿದ್ದೇನೆ. ಯಾಕೆಂದರೆ ಇಂಥ ಒಲವು ನೋಡುಗನನ್ನು ಎಲ್ಲಿಗೆ ಕರೆದೊಯ್ಯಬಲ್ಲದು, ಎಲ್ಲಿ ಅವನನ್ನು ಕಟ್ಟಿಹಾಕಬಲ್ಲದು ಎಂಬುದು ವಿಚಾರ ಮಾಡಬೇಕಾದ ಸಂಗತಿ ಎಂದು ನನಗೆ ತೋರಿದೆ.

ಆ ಹಾಡುಗಾರನ ಹೆಸರು ಯೀ ಯಾಂಗ್‌ಚಿಯೆನ್‌ಶೀ. ಹೊರನಾಡುಗಳಲ್ಲಿ ಅವನನ್ನು ಜಾಕ್ಸನ್ ಯೀ ಎಂದು ಕರೆಯುತ್ತಾರೆ. ಹುಟ್ಟಿದ್ದು 2000ನೆಯ ಇಸವಿಯ ನವೆಂಬರ್ ತಿಂಗಳಲ್ಲಿ. 2013ರ ಆಗಸ್ಟ್‌ನಲ್ಲಿ 'ಟಿಎಫ್‌ಬಾಯ್ಸ್' ಎಂಬ ಹೆಸರಿನಲ್ಲಿ ಮೂವರು ಬಾಲಕರ ಹಾಡುಮೇಳವೊಂದು ಚೀನದಲ್ಲಿ ತಲೆಯೆತ್ತಿದಾಗ, ಆ ಮೂವರಲ್ಲಿ ಒಬ್ಬನಾದ ಈತನಿಗೆ ಹನ್ನೆರಡು ವರ್ಷ ತುಂಬಿತ್ತಷ್ಟೆ. ಮರುವರ್ಷವೇ ಅವರ ಹಾಡುಗಳು ಶಾಲೆಯ ಮಕ್ಕಳ ಬಾಯಲ್ಲಿ ನಲಿಯತೊಡಗಿದವು. 2018ರಲ್ಲಿ ಬೀದಿ ನೃತ್ಯದ ಒಂದು ದೊಡ್ಡ ಸ್ಪರ್ಧೆಯಲ್ಲಿ, ತನಗಿಂತ ಎಷ್ಟೋ ಹಿರಿಯರಾದ ನರ್ತಕರ ತಂಡಕ್ಕೆ ಈತ ನಾಯಕನಾಗಿ ಕುಳಿತಿದ್ದ. ನನ್ನನ್ನು ಸೆಳೆದದ್ದು ಅವನ ಕಂಠಕ್ಕಿಂತ ಹೆಚ್ಚಾಗಿ ಅವನ ಮೈಯ ಹಿಡಿತ. ಕುಣಿಯುವಾಗಲೂ ಅವನಲ್ಲಿ ಏನನ್ನೋ ತಡೆದಿಟ್ಟುಕೊಂಡಂಥ ಒಂದು ಸಂಯಮವಿತ್ತು. ಅಬ್ಬರವೇ ಬಂಡವಾಳವಾದ ರಂಗದಲ್ಲಿ ಮೌನವನ್ನು ಬಲ್ಲ ಹುಡುಗ ಅಪರೂಪ.

ಇಂಥ ಕಲಾವಿದರನ್ನು ಚೀನೀ ಭಾಷೆಯಲ್ಲಿ ಕರೆಯುವ ಪದಕ್ಕೆ 'ವಿಗ್ರಹ' ಎಂದೇ ಅರ್ಥ. ಜಪಾನು, ಕೊರಿಯಾಗಳಲ್ಲಿ ರೂಢಿಯಾದ ಪದ್ಧತಿಯನ್ನೇ ಅಲ್ಲಿನ ಕಂಪನಿಗಳೂ ಅನುಸರಿಸಿದವು. ಎಳೆಯ ಮಕ್ಕಳನ್ನು ಆರಿಸಿ, ವರ್ಷಗಟ್ಟಲೆ ಹಾಡು, ಕುಣಿತ, ಮಾತು, ನಡಿಗೆ ಎಲ್ಲವನ್ನೂ ತಿದ್ದಿ, ಆಮೇಲೆ ಜನರ ಮುಂದೆ ನಿಲ್ಲಿಸುವುದು ಈ ಪದ್ಧತಿ. ನಮ್ಮ ದೇವಾಲಯಗಳಲ್ಲಿ ಮೂಲವಿಗ್ರಹ ಬೇರೆ, ಉತ್ಸವಮೂರ್ತಿ ಬೇರೆ. ಮೂಲವಿಗ್ರಹ ಗರ್ಭಗುಡಿಯನ್ನು ಬಿಟ್ಟು ಕದಲುವುದಿಲ್ಲ. ಉತ್ಸವಮೂರ್ತಿಯಾದರೋ ಅಲಂಕಾರ ಮಾಡಿಕೊಂಡು, ವಾದ್ಯಗಳೊಡನೆ, ನಾವಿರುವ ಬೀದಿಗೇ ಬರುತ್ತದೆ. ಜನಪ್ರಿಯ ಗಾಯಕರು ಇಂಥ ಉತ್ಸವಮೂರ್ತಿಗಳು. ಬೀದಿಯಲ್ಲಿ ಕಂಡ ಮೂರ್ತಿಯ ಹಿಂದೆ ನಡೆದು ಗುಡಿಯೊಳಕ್ಕೆ ಹೋದವರೂ ಉಂಟು, ಬೀದಿಯ ಬೆಡಗನ್ನಷ್ಟೇ ನೋಡಿ ಮನೆಗೆ ಮರಳಿದವರೂ ಉಂಟು. ಹೆಚ್ಚುಕಡಿಮೆ ಎಲ್ಲವೂ ಆ ಮೂರ್ತಿ ಕೊನೆಗೆ ಯಾವ ಗುಡಿಗೆ ಮರಳುತ್ತದೆ ಎಂಬುದನ್ನೇ ಅವಲಂಬಿಸಿದೆ.

ನನ್ನ ಪಾಲಿಗೆ ಆ ಗುಡಿ 'ಚಾಂಗ್‌ಆನ್ ನಗರದ ಹನ್ನೆರಡು ಹೊತ್ತುಗಳು' ಎಂಬ ಧಾರಾವಾಹಿಯಾಯಿತು. ಇಂಗ್ಲಿಷಿನಲ್ಲಿ ಇದನ್ನು 'ಚಾಂಗ್‌ಆನ್‌ನ ಅತ್ಯಂತ ದೀರ್ಘ ದಿನ' ಎಂಬ ಅರ್ಥದ ಹೆಸರಿನಿಂದ ಬಲ್ಲರು. 2019ರ ಜೂನ್ 27ರಂದು ಯೋಕು ಎಂಬ ಅಂತರಜಾಲ ವಾಹಿನಿಯಲ್ಲಿ ಇದರ ಪ್ರಸಾರ ಮೊದಲಾಯಿತು. ನಿರ್ದೇಶಕ ತ್ಸಾವ್ ದುನ್. ಮೂಲ, ಮಾ ಬೋಯೋಂಗ್ ಅವರ ಅದೇ ಹೆಸರಿನ ಕಾದಂಬರಿ. ಕಥೆ ನಡೆಯುವುದು ತಾಂಗ್ ವಂಶದ ಚಕ್ರವರ್ತಿ ಶ್ವಾನ್‌ಝೋಂಗ್‌ನ ಆಳ್ವಿಕೆಯಲ್ಲಿ, ಕ್ರಿಸ್ತಶಕ 744ರಲ್ಲಿ, ಅದೂ ಒಂದೇ ಒಂದು ದಿನದ ಅವಧಿಯಲ್ಲಿ.

ಶೀರ್ಷಿಕೆಯಲ್ಲಿರುವ 'ಹೊತ್ತು' ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹಿರಿಯರು ಅಹೋರಾತ್ರಿಯನ್ನು 60 ಗಳಿಗೆಗಳಾಗಿ, ಇಲ್ಲವೇ 8 ಜಾವಗಳಾಗಿ ವಿಂಗಡಿಸಿದರು. ಗಳಿಗೆಯೆಂದರೆ 24 ನಿಮಿಷ, ಜಾವವೆಂದರೆ ಮೂರು ಗಂಟೆ. ಚೀನದವರು ಅದೇ ಅಹೋರಾತ್ರಿಯನ್ನು 12 ಭಾಗ ಮಾಡಿದರು. ಒಂದೊಂದು ಭಾಗವೂ ನಮ್ಮ ಇಂದಿನ ಎರಡು ಗಂಟೆ. ಹನ್ನೆರಡು ಹೊತ್ತುಗಳಿಗೆ 48 ಕಂತುಗಳೆಂದರೆ ಹೊತ್ತಿಗೆ ನಾಲ್ಕು ಕಂತು, ಗಂಟೆಗೆ ಎರಡು ಕಂತು ಎಂದಾಯಿತು. ಕಥೆಯ ಗಡಿಯಾರವೂ ನೋಡುಗನ ಗಡಿಯಾರವೂ ಹೆಚ್ಚುಕಡಿಮೆ ಜೊತೆಜೊತೆಯಲ್ಲೇ ನಡೆಯುತ್ತವೆ.

ಚೀನೀ ಪಂಚಾಂಗದ ಮೊದಲ ತಿಂಗಳ ಹದಿನಾಲ್ಕನೆಯ ದಿನ, ಬೆಳಗ್ಗೆ ಹತ್ತು ಗಂಟೆ. ಮರುದಿನ ಹುಣ್ಣಿಮೆ, ದೀಪೋತ್ಸವ. ನಗರವೆಲ್ಲ ತೂಗುದೀಪಗಳನ್ನು ಕಟ್ಟುವ ಸಡಗರದಲ್ಲಿದೆ. ಆ ವೇಳೆಗೆ ಗಡಿಯಾಚೆಯಿಂದ ತುರ್ಕ ಯೋಧರ ಒಂದು ತಂಡ ವ್ಯಾಪಾರಿಗಳ ವೇಷದಲ್ಲಿ ಊರೊಳಗೆ ನುಸುಳಿದೆಯೆಂದೂ, ದೀಪಗಳ ರಾತ್ರಿಯಲ್ಲೇ ಅವರು ನಗರಕ್ಕೆ ಬೆಂಕಿಯಿಡಲಿದ್ದಾರೆಂದೂ ಸುಳಿವು ಸಿಕ್ಕಿದೆ. ಅದನ್ನು ತಡೆಯುವ ಹೊಣೆ ಹೊತ್ತ ಒಂದು ಕಲ್ಪಿತ ಗುಪ್ತಚರ ಕಚೇರಿಗೆ ಲೀ ಬೀ ಎಂಬ ತರುಣ ಅಧಿಕಾರಿ ಮುಖ್ಯಸ್ಥ. ಆತನಿಗೆ ಊರಿನ ಒಂದೊಂದು ಓಣಿಯನ್ನೂ ಬಲ್ಲ ಮನುಷ್ಯ ಬೇಕು. ಅಂಥವನೊಬ್ಬ ಸೆರೆಮನೆಯಲ್ಲಿದ್ದಾನೆ. ಹಿಂದೆ ಸೈನಿಕನಾಗಿದ್ದು, ಆಮೇಲೆ ಊರಿನ ಕಳ್ಳಕಾಕರನ್ನು ಹಿಡಿಯುವ ಪಡೆಗೆ ನಾಯಕನಾಗಿದ್ದು, ಈಗ ಮರಣದಂಡನೆಗೆ ಗುರಿಯಾಗಿರುವ ಝಾಂಗ್ ಶಿಯಾವ್‌ಜಿಂಗ್. ಸಾಯಲಿರುವವನನ್ನು ಒಂದು ದಿನದ ಮಟ್ಟಿಗೆ ಬಿಡಿಸಿ, ಅವನ ಕೈಗೆ ಊರಿನ ಬದುಕನ್ನು ಒಪ್ಪಿಸುತ್ತಾರೆ. ತನ್ನನ್ನು ಕೊಲ್ಲಲು ನಿಶ್ಚಯಿಸಿದ ರಾಜ್ಯವನ್ನು ಅವನು ಏತಕ್ಕಾಗಿ ಕಾಪಾಡಬೇಕು? ಇಡೀ ಕಥೆಯ ಜೀವಾಳ ಈ ಪ್ರಶ್ನೆಯೇ. ಸೆರೆಯಾಳಿನ ಪಾತ್ರವನ್ನು ಲೇ ಜಿಯಾಯಿನ್ ಎಂಬ ಪಳಗಿದ ನಟ ವಹಿಸಿದ್ದಾರೆ. ನಮ್ಮ ಹಾಡುಗಾರ ಲೀ ಬೀ ಆಗಿದ್ದಾನೆ.

ಈ ನಾಟಕದ ಇನ್ನೊಂದು ಪಾತ್ರ ಆ ಊರೇ. ತಾಂಗ್ ಕಾಲದ ಚಾಂಗ್‌ಆನ್, ಇಂದಿನ ಶೀಆನ್ ನಗರವಿರುವ ಎಡೆಯಲ್ಲಿತ್ತು. ಅದರ ವಿಸ್ತೀರ್ಣ ಸುಮಾರು 84 ಚದರ ಕಿಲೋಮೀಟರು. ಉತ್ತರ ದಕ್ಷಿಣವಾಗಿ ಹಾಯ್ದ ಹೆದ್ದಾರಿಯ ಅಗಲವೇ ಸುಮಾರು 150 ಮೀಟರು. ಊರು ಪಗಡೆಯ ಹಾಸಿನಂತೆ ನೂರಕ್ಕೂ ಮಿಕ್ಕ ಕೇರಿಗಳಾಗಿ ವಿಭಾಗವಾಗಿತ್ತು. ಪ್ರತಿ ಕೇರಿಗೂ ಸುತ್ತಗೋಡೆ, ಬಾಗಿಲು. ಮಧ್ಯಾಹ್ನ 300 ನಗಾರಿ ಪೆಟ್ಟುಗಳಾದ ಮೇಲೆ ಪೇಟೆಗಳು ತೆರೆಯಬೇಕು. ಸಂಜೆಯ ನಗಾರಿ ಮೊಳಗಿತೆಂದರೆ ಕೇರಿಗಳ ಬಾಗಿಲು ಮುಚ್ಚಿ, ರಸ್ತೆಗಳೆಲ್ಲ ನಿರ್ಜನವಾಗಬೇಕು. ಆಮೇಲೆ ಹೊರಗೆ ಸಿಕ್ಕಿಬಿದ್ದವನಿಗೆ ಕಾನೂನಿನ ಪ್ರಕಾರ 20 ಛಡಿಯೇಟು. ವರ್ಷಕ್ಕೊಮ್ಮೆ, ದೀಪೋತ್ಸವದ ಮೂರು ರಾತ್ರಿಗಳಲ್ಲಿ ಮಾತ್ರ ಈ ಕಟ್ಟು ಸಡಿಲವಾಗುತ್ತಿತ್ತು. ಇದನ್ನು ತಿಳಿದ ಮೇಲೆ ಕಥೆಗಾರ ಆ ರಾತ್ರಿಯನ್ನೇ ಏಕೆ ಆರಿಸಿಕೊಂಡನೆಂಬುದು ಹೊಳೆಯುತ್ತದೆ. ಗೋಡೆಗಳ ಊರು ಗೋಡೆಗಳನ್ನು ಮರೆಯುವ ರಾತ್ರಿ ಅದು. ಜನಕ್ಕೆ ಅದು ಬಿಡುಗಡೆಯ ಇರುಳು, ಕಾವಲಿನವರಿಗೆ ಗಂಡಾಂತರದ ಇರುಳು.

ಪಾತ್ರಗಳ ಬೇರುಗಳನ್ನು ಕೆದಕಿದಷ್ಟೂ ಸ್ವಾರಸ್ಯ ಹೆಚ್ಚುತ್ತದೆ. ಝಾಂಗ್ ಶಿಯಾವ್‌ಜಿಂಗ್ ಎಂಬವನ ಹೆಸರು ಯಾವ್ ರೂನೆಂಗ್ ಎಂಬ ತಾಂಗ್ ಕಾಲದ ಲೇಖಕನ ಗ್ರಂಥದಲ್ಲಿ, ದಂಗೆಯೆದ್ದ ಸೇನಾನಿ ಆನ್ ಲೂಶಾನ್‌ನ ವೃತ್ತಾಂತದ ನಡುವೆ, ಒಂದು ವಾಕ್ಯದಲ್ಲಷ್ಟೇ ಬರುತ್ತದೆ. 756ರಲ್ಲಿ ಚಕ್ರವರ್ತಿ ರಾಜಧಾನಿ ಬಿಟ್ಟು ಓಡುವಾಗ, ಮಂತ್ರಿ ಯಾಂಗ್ ಗುವೊಝೋಂಗ್‌ನನ್ನು ಬಾಣ ಹೊಡೆದು ಕುದುರೆಯಿಂದ ಉರುಳಿಸಿದ ಸವಾರ ಈತನೆಂದು ಅಲ್ಲಿ ಹೇಳಿದೆ. ಆ ಒಂದು ವಾಕ್ಯದ ಹಿಂದಿದ್ದಿರಬಹುದಾದ ಬಾಳನ್ನು ಕಾದಂಬರಿಕಾರ ಕಲ್ಪಿಸಿಕೊಂಡಿದ್ದಾನೆ. ಆ ಲೇಖಕನ ಹೆಸರಿನ ಪಾತ್ರವನ್ನೂ ಕಥೆಯೊಳಗೆ ತಂದಿದ್ದಾನೆ. ಕಥೆಯಲ್ಲಿ ತುಸು ಹೆಸರು ಬದಲಿಸಿಕೊಂಡು ಓಡಾಡುವ ಕವಿಗಳೂ ಇದ್ದಾರೆ. ಹೆ ಝಿಝಾಂಗ್ ಎಂಬ ವೃದ್ಧ ಕವಿ 744ರಲ್ಲೇ ಹುದ್ದೆಯಿಂದ ನಿವೃತ್ತನಾದ. ತ್ಸೆನ್ ಶೆನ್ ಎಂಬ ತರುಣ ಕವಿ ಅದೇ ವರ್ಷ ಅಧಿಕಾರಿಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ. ಧಾರಾವಾಹಿಯಲ್ಲಿ ಇವರನ್ನು ಹೋಲುವ ಇಬ್ಬರು, ಒಬ್ಬ ಇಳಿಬಿಸಿಲಿನಂತೆ, ಇನ್ನೊಬ್ಬ ಎಳಬಿಸಿಲಿನಂತೆ, ನಮ್ಮೆದುರು ಹಾದುಹೋಗುತ್ತಾರೆ.

ಲೀ ಬೀ ಸ್ವತಃ ಚರಿತ್ರೆಯ ವ್ಯಕ್ತಿ. ಹುಟ್ಟಿದ್ದು 722ರಲ್ಲಿ. ಏಳರ ಹರೆಯದಲ್ಲೇ ಬಾಲಪ್ರತಿಭೆಯೆಂದು ಚಕ್ರವರ್ತಿಯ ಸಮ್ಮುಖಕ್ಕೆ ಕರೆಸಿಕೊಂಡವನು. ಮುಂದೆ ನಾಲ್ವರು ಚಕ್ರವರ್ತಿಗಳ ಕಾಲವನ್ನು ಕಂಡು, ಅಧಿಕಾರ ಬೇಸರವಾದಾಗ ಬೆಟ್ಟಕ್ಕೆ ಹೋಗಿ ತಪಸ್ವಿಯಂತಿದ್ದು, ಮತ್ತೆ ಕರೆಬಂದಾಗ ಹಿಂತಿರುಗಿ, ಕಡೆಗೆ ಮಂತ್ರಿಪದವಿಗೇರಿ 789ರಲ್ಲಿ ತೀರಿಕೊಂಡವನು. ಇದನ್ನು ಓದಿದಾಗ, ಆ ಹಾಡುಗಾರನನ್ನು ಈ ಪಾತ್ರಕ್ಕೆ ಆರಿಸಿದುದರಲ್ಲಿ ಬರಿಯ ವ್ಯಾಪಾರಬುದ್ಧಿಯಲ್ಲದೆ ಒಂದು ಔಚಿತ್ಯವೂ ಇದೆಯೆಂದು ನನಗನ್ನಿಸಿತು. ಬಾಲ್ಯದಲ್ಲೇ ಲೋಕದ ಕಣ್ಣಿಗೆ ಬಿದ್ದವನು, ಹಿರಿಯರ ಸಭೆಯಲ್ಲಿ ಕಿರಿಯನಾಗಿ ಕುಳಿತು ತನ್ನ ಯೋಗ್ಯತೆಯನ್ನು ಗಳಿಗೆಗಳಿಗೆಗೂ ರುಜುವಾತು ಮಾಡಬೇಕಾದವನು, ಮುಖದ ಮೇಲೆ ಭಾವವನ್ನು ತೋರಗೊಡದವನು. ಈ ಲಕ್ಷಣಗಳು ಎಂಟನೆಯ ಶತಮಾನದ ಆ ಅಧಿಕಾರಿಗೂ, ಇಪ್ಪತ್ತೊಂದನೆಯ ಶತಮಾನದ ಈ ಹಾಡುಗಾರನಿಗೂ ಸಮಾನ. ಚಿತ್ರೀಕರಣದ ಕಾಲಕ್ಕೆ ಅವನಿಗೆ ಹದಿನೇಳರ ಆಸುಪಾಸಿನ ವಯಸ್ಸು.

ಹಾಗಾದರೆ ಅವನ ಅಭಿನಯ ಹೇಗಿದೆ? ಅಭಿಮಾನ ನ್ಯಾಯಕ್ಕೆ ಅಡ್ಡಬರಬಾರದು. ಮೊದಲ ಕಂತುಗಳಲ್ಲಿ ಅವನ ಬಿಗಿತ ಪಾತ್ರದ ಬಿಗಿತವೋ, ನಟನ ಬಿಗಿತವೋ ಎಂಬ ಸಂದೇಹ ಬರುತ್ತದೆ. ಅವನ ಎದುರಿಗೆ ಲೇ ಜಿಯಾಯಿನ್ ನಿಂತಾಗ ಅಂತರ ಸ್ಪಷ್ಟ. ಆ ನಟನ ದೇಹವೆಲ್ಲ ಮಾತಾಡುತ್ತದೆ. ಸೆರೆಯಿಂದ ಹೊರಬಂದು ಒಂದು ಬೋಗುಣಿ ಕುರಿಮಾಂಸದ ಸಾರನ್ನು ಅವನು ಸವಿಯುವ ರೀತಿಯೇ ಬದುಕಿನ ಮೇಲಣ ಅವನ ಹಸಿವನ್ನು ಹೇಳಿಬಿಡುತ್ತದೆ. ಆದರೆ ಕಥೆ ರಾತ್ರಿಗೆ ಹೊರಳಿದಂತೆ, ಕಚೇರಿಯ ಮೇಲೆಯೇ ಶತ್ರುಗಳು ಎರಗಿ, ಲೆಕ್ಕಾಚಾರಗಳೆಲ್ಲ ತಲೆಕೆಳಗಾದಾಗ, ತರುಣನ ಬಿಗಿತ ಬಿರುಕು ಬಿಡತೊಡಗುತ್ತದೆ. ಅಲ್ಲಿಂದಾಚೆಗೆ ಕಾಣುವುದು ನಟ. ಅವನನ್ನು ನೋಡಲೆಂದು ಕುಳಿತ ನಾನು, ಅವನಿಲ್ಲದ ದೃಶ್ಯಗಳಿಗೂ ಕಾಯತೊಡಗಿದ್ದೆ. ಗಡಿಯಾರಕ್ಕೆ ಕಟ್ಟಿದ ಕಥೆಯಾದ್ದರಿಂದ ಇಲ್ಲಿ ಒಬ್ಬನ ದೃಶ್ಯಗಳನ್ನಷ್ಟೇ ಆರಿಸಿ ನೋಡಲು ಬಾರದು. ದಾಟಿಸಿದ ಒಂದು ಗಂಟೆ, ಕಥೆಯಲ್ಲಿ ಕಳೆದುಹೋದ ಒಂದು ಗಂಟೆಯೇ. ವಿಗ್ರಹಕ್ಕಾಗಿ ಬಂದವನನ್ನು ಕೃತಿ ಹೀಗೆ ಇಡಿಯಾಗಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ.

ಚೀನೀ ಭಾಷೆ ಬಾರದ ನಾನು ಇದನ್ನೆಲ್ಲ ಇಂಗ್ಲಿಷಿನ ಅಡಿಬರಹಗಳ ನೆರವಿನಿಂದ ಗ್ರಹಿಸಬೇಕಾಯಿತು. ಇಂಥ ಧಾರಾವಾಹಿಗಳಿಗೆ ಲೋಕದ ಹಲವೆಡೆಯ ಅಭಿಮಾನಿಗಳೇ ಕುಳಿತು, ಕೂಲಿಯಿಲ್ಲದೆ ಅಡಿಬರಹ ಸಿದ್ಧಪಡಿಸುವುದುಂಟು. ಅದು ಅಭಿಮಾನದ ಅತ್ಯಂತ ಶುಭ್ರವಾದ ರೂಪ. ಆದರೆ ಇಂಗ್ಲಿಷಿನ ಜರಡಿಯಲ್ಲಿ ಕೆಲವು ಕಾಳುಗಳು ಸೋರಿಹೋಗುತ್ತವೆ. ಆ ಕಾಲದವರು ಒಬ್ಬರನ್ನೊಬ್ಬರು ಬರಿಯ ಹೆಸರಿನಿಂದ ಕರೆಯುವುದು ವಿರಳ. ಮನೆತನದ ಹೆಸರಿಗೆ ಪದವಿಯನ್ನು ಜೋಡಿಸಿ ಕರೆಯುತ್ತಾರೆ. 'ಶ್ಯಾನುಭೋಗರೇ', 'ಮೇಷ್ಟ್ರೇ' ಎಂದು ಕರೆದು ಬೆಳೆದ ನಮಗೆ ಇದು ಹೊಸದಲ್ಲ. ಸೆರೆಯಾಳು ಅಧಿಕಾರಿಯೊಡನೆ ಆಡುವ ಮಾತಿನಲ್ಲಿ ಎಲ್ಲಿ ಮರ್ಯಾದೆಯಿದೆ, ಎಲ್ಲಿ ಮರ್ಯಾದೆಯ ಸೋಗಿನಲ್ಲಿ ಕುಟುಕಿದೆ ಎಂಬುದನ್ನು ಇಂಗ್ಲಿಷಿನ ಒಂದೇ ಸರ್ವನಾಮ ಹೇಳಲಾರದು. ಓದುತ್ತ ಓದುತ್ತ ನಾನು ಮನಸ್ಸಿನಲ್ಲೇ 'ನೀನು', 'ನೀವು', 'ತಾವು'ಗಳನ್ನು ಹಂಚಿಕೊಂಡು ಕನ್ನಡ ಮಾಡಿಕೊಳ್ಳುತ್ತಿದ್ದೆ. ಚೀನೀ ಭಾಷೆಯಿಂದ ಕನ್ನಡಕ್ಕೆ ನೇರವಾದ ಹಾದಿ ಇನ್ನೂ ಎಷ್ಟು ಕಿರಿದಾಗಿದೆಯೆಂಬುದು ಆಗ ಮನಸ್ಸಿಗೆ ತಟ್ಟುತ್ತದೆ.

ಹಾದಿ ಹಿಂದೆ ಹೀಗಿರಲಿಲ್ಲ. 629ರ ಸುಮಾರಿಗೆ ಇದೇ ಚಾಂಗ್‌ಆನ್‌ನಿಂದ ಹೊರಟ ಹ್ಯೂಯೆನ್‌ತ್ಸಾಂಗ್, 641ರ ಹೊತ್ತಿಗೆ ನಮ್ಮ ಚಾಲುಕ್ಯ ಇಮ್ಮಡಿ ಪುಲಿಕೇಶಿಯ ರಾಜ್ಯದಲ್ಲಿ ಸಂಚರಿಸಿ, ಅಲ್ಲಿನ ಜನರ ಕಲಿತನವನ್ನೂ ಹರ್ಷನಿಗೆ ಮಣಿಯದ ಅವರ ಛಲವನ್ನೂ ಬರೆದಿಟ್ಟ. 645ರಲ್ಲಿ ಅವನು ಗ್ರಂಥಗಳ ಹೊರೆಯೊಡನೆ ಮರಳಿದ್ದು ಚಾಂಗ್‌ಆನ್‌ಗೇ. ಮುಂದೆ ಅದೇ ನಗರದಲ್ಲಿ ಭಾರತೀಯ ಮೂಲದ ಗೌತಮ ಸಿದ್ಧ ಎಂಬ ಜ್ಯೋತಿರ್ವಿದ ಅರಮನೆಯ ಖಗೋಳ ಕಚೇರಿಯ ಮುಖ್ಯಸ್ಥನಾಗಿದ್ದು, 718ರಲ್ಲಿ ನಮ್ಮ ನವಗ್ರಹ ಗಣಿತವನ್ನು ಚೀನೀ ಭಾಷೆಗೆ ತಂದ. ಸೊನ್ನೆಯನ್ನು ಒಂದು ಚುಕ್ಕಿಯಿಂದ ಬರೆಯುವ ರೀತಿಯೂ ಆ ಗ್ರಂಥದಲ್ಲಿದೆ. ಅವನ ಮಗನ ಸಮಾಧಿ 1977ರಲ್ಲಿ ಶೀಆನ್ ಬಳಿ ದೊರೆಯಿತು. ಧಾರಾವಾಹಿಯ ಪೇಟೆಬೀದಿಯಲ್ಲಿ ಸೋಗ್ದಿಯಾದ ವರ್ತಕರು, ಪರ್ಷಿಯಾದ ಕ್ರೈಸ್ತ ಸಂನ್ಯಾಸಿ ಓಡಾಡುವುದು ಬರಿಯ ಅಲಂಕಾರವಲ್ಲ. ಆ ಸಂನ್ಯಾಸಿಗೆ ಇಟ್ಟಿರುವ ಈಸಿ ಎಂಬ ಹೆಸರು, 781ರಲ್ಲಿ ಚಾಂಗ್‌ಆನ್‌ನಲ್ಲಿ ನಿಲ್ಲಿಸಿದ ಕ್ರೈಸ್ತ ಶಾಸನದಲ್ಲೇ ಕೆತ್ತಿರುವ ಹೆಸರು.

ಪುಲಿಕೇಶಿಯ ಮಾತು ಬಂದುದರಿಂದ ಒಂದನ್ನು ನೆನೆಯಬೇಕು. 1967ರಲ್ಲಿ 'ಇಮ್ಮಡಿ ಪುಲಿಕೇಶಿ' ಚಿತ್ರ ತೆರೆಕಂಡಾಗ ಕೊಟ್ಟಿಗೆಗಳ ಮುಂದೆ ಸಾಲುಗಟ್ಟಿದವರೆಲ್ಲ ಚಾಲುಕ್ಯರ ಚರಿತ್ರೆಯನ್ನು ಕಲಿಯಲು ಬಂದವರೇ? ಅವರು ಬಂದದ್ದು ರಾಜಕುಮಾರರಿಗಾಗಿ. ಹೊರಗೆ ಹೋಗುವಾಗ ಬಾದಾಮಿಯ ಹೆಸರೂ, ಹರ್ಷನ ಹೆಸರೂ ಅವರ ಜೊತೆಯಲ್ಲಿ ಹೋಯಿತು. ಅದಕ್ಕೂ ಹಿಂದೆ ನಮ್ಮ ಕಂಪನಿ ನಾಟಕಗಳಿಗೆ ಜನ ಗಾಡಿ ಕಟ್ಟಿಕೊಂಡು ಬಂದದ್ದೂ ಮೆಚ್ಚಿನ ನಟರ ಕಂಠಕ್ಕಾಗಿ. ಕಂಠವನ್ನು ಕೇಳಲು ಬಂದವರು ಕಥೆಯನ್ನೂ ಕೇಳಿಕೊಂಡು ಹೋದರು.

ಆದರೆ ಈ ಒಲವಿಗೆ ಇನ್ನೊಂದು ಮುಖವೂ ಇದೆ. ಅದನ್ನು ಮರೆಮಾಚಿದರೆ ಮಾತು ಅರ್ಧವಾದೀತು. 2021ರ ಮೇ ತಿಂಗಳಲ್ಲಿ ಚೀನದ ಒಂದು ಗಾಯಕ ಸ್ಪರ್ಧೆಯಲ್ಲಿ, ಹಾಲಿನ ಶೀಶೆಯ ಮುಚ್ಚಳದೊಳಗಿನ ಗುರುತಿನಿಂದ ಮತ ಹಾಕುವ ಏರ್ಪಾಡು ಇತ್ತು. ಮುಚ್ಚಳಕ್ಕಾಗಿ ಶೀಶೆಗಳನ್ನು ರಾಶಿರಾಶಿಯಾಗಿ ಕೊಂಡು, ಹಾಲನ್ನು ಕಾಲುವೆಗೆ ಸುರಿಸಿದ ದೃಶ್ಯ ಹೊರಬಿದ್ದು, ದೇಶವೆಲ್ಲ ಸಿಟ್ಟಿಗೆದ್ದಿತು. ಸ್ಪರ್ಧೆಯ ಕೊನೆಯ ಸುತ್ತು ನಡೆಯಲೇ ಇಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ತಾರೆಯರ ಜನಪ್ರಿಯತೆಯ ಪಟ್ಟಿಗಳನ್ನು ಸರಕಾರ ನಿಲ್ಲಿಸಿತು. ಸೆಪ್ಟೆಂಬರಿನಲ್ಲಿ ಇಂಥ ವಿಗ್ರಹಗಳನ್ನು ಆರಿಸುವ ಸ್ಪರ್ಧೆಗಳನ್ನೇ ನಿಷೇಧಿಸಿತು. ಅಷ್ಟಕ್ಕೇ ನಿಲ್ಲದೆ, ಹುಡುಗರು ಹೆಣ್ಣಿಗರಂತೆ ತೋರಬಾರದೆಂದೂ ಕಟ್ಟಪ್ಪಣೆಯಾಯಿತು. ಒಂದು ಕಡೆ ಎಳೆಯರ ಪ್ರೀತಿಯನ್ನು ಲಾಭಕ್ಕಾಗಿ ಹಿಂಡುವ ವ್ಯಾಪಾರ, ಇನ್ನೊಂದು ಕಡೆ ಕಲಾವಿದನ ಮುಖಚರ್ಯೆ ಹೀಗೇ ಇರಬೇಕೆಂದು ವಿಧಿಸುವ ಅಧಿಕಾರ. ನಡುವೆ ಸಿಕ್ಕಿಕೊಂಡವನು ಹಾಡುವ ಹುಡುಗ. ಉತ್ಸವಮೂರ್ತಿಯನ್ನು ಹೊರುವವರು ಅನೇಕ. ಅದು ನಡೆಯಬೇಕಾದ ಬೀದಿಯನ್ನು ಗೊತ್ತುಮಾಡುವವರೂ ಅನೇಕ. ಮೂರ್ತಿಯ ಇಷ್ಟವನ್ನು ಕೇಳುವವರಿಲ್ಲ.

ಹೀಗಿರುವಾಗ ಅಭಿಮಾನಿಯಾದವನು ಕಲಾವಿದನಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಯಾವುದು? ಅವನು ಒಂದು ಒಳ್ಳೆಯ ಕೃತಿಯೊಳಗೆ ನಿಂತಾಗ, ಕೃತಿಯನ್ನೆಲ್ಲ ನೋಡುವುದು. ಮತದ ಎಣಿಕೆ, ಹಾಲಿನ ಶೀಶೆ, ಪಟ್ಟಿಯಲ್ಲಿನ ಸ್ಥಾನ, ಇವು ಯಾವುವೂ ಅವನನ್ನು ನಟನನ್ನಾಗಿ ಮಾಡಲಾರವು. ಅವನ ಸುತ್ತ ನಿಂತವರನ್ನೂ ಗಮನಿಸುವ ಕಣ್ಣು ಮಾತ್ರ ಅದನ್ನು ಮಾಡಬಲ್ಲದು.

ಆ ಸೆರೆಯಾಳು ಊರನ್ನು ಏಕೆ ಕಾಪಾಡಿದ? ಚಕ್ರವರ್ತಿಗಾಗಿ ಅಲ್ಲ, ಮಂತ್ರಿಗಳಿಗಾಗಿ ಅಲ್ಲ. ಅವನ ಎದುರಾಳಿಗಳಲ್ಲಿ ಒಬ್ಬ ಅವನ ಜೊತೆಯಲ್ಲೇ ಗಡಿಯಲ್ಲಿ ಕಾದಿದ ಸೈನಿಕ. ತಮ್ಮನ್ನು ಮರೆತ ರಾಜ್ಯ ಉರಿದುಹೋಗಲೆಂದು ಬಯಸಿದವನು. ಅದೇ ಗಾಯವನ್ನು ಹೊತ್ತ ಝಾಂಗ್ ಶಿಯಾವ್‌ಜಿಂಗ್ ಮಾತ್ರ, ಅರಮನೆಯನ್ನಲ್ಲದೆ ಪೇಟೆಯನ್ನು ನೋಡುತ್ತಾನೆ. ಸಾರು ಮಾರುವವರನ್ನು, ದೀಪ ಕಟ್ಟುವವರನ್ನು, ಹಬ್ಬಕ್ಕೆ ಹೊಸಬಟ್ಟೆ ತೊಟ್ಟ ಮಕ್ಕಳನ್ನು ನೋಡುತ್ತಾನೆ. ಊರೆಂದರೆ ಅವನಿಗೆ ಇವರು. ಇಷ್ಟಾಗಿಯೂ ನೋಡುವ ನಮಗೆ ಚರಿತ್ರೆ ತಿಳಿದಿದೆ. 755ರಲ್ಲಿ ಆನ್ ಲೂಶಾನ್‌ನ ದಂಗೆ ಎದ್ದಿತು. ಮರುವರ್ಷ ಚಾಂಗ್‌ಆನ್ ಬಿದ್ದಿತು. 755ರಲ್ಲಿ ಸುಮಾರು 5 ಕೋಟಿ 29 ಲಕ್ಷವೆಂದಿದ್ದ ರಾಜ್ಯದ ಜನಗಣತಿ, 764ರಲ್ಲಿ 1 ಕೋಟಿ 69 ಲಕ್ಷಕ್ಕೆ ಇಳಿದಿತ್ತು. ಸತ್ತವರೆಷ್ಟೋ, ಚದುರಿ ಲೆಕ್ಕಕ್ಕೆ ತಪ್ಪಿದವರೆಷ್ಟೋ. ಒಬ್ಬ ಮನುಷ್ಯ ಪ್ರಾಣವನ್ನು ಪಣವಾಗಿಟ್ಟು ಆ ಊರಿಗೆ ಗಳಿಸಿಕೊಟ್ಟದ್ದು ಹೆಚ್ಚೆಂದರೆ ಹನ್ನೆರಡು ವರ್ಷ.

ಹನ್ನೆರಡು ವರ್ಷವೆಂದರೆ ಅಲ್ಪವೇ? ಆ ಇರುಳು ತಂದೆಯ ಹೆಗಲ ಮೇಲೆ ಕುಳಿತು ದೀಪಗಳನ್ನು ಕಂಡ ಮಗುವಿಗೆ ಅದು ಇಡೀ ಬಾಲ್ಯ. ಒಂದು ಹಾಡಿನ ಮೋಹದಿಂದ ಹೊರಟ ನನಗೆ, ಹನ್ನೆರಡು ಶತಮಾನಗಳಾಚೆಯ ಆ ಮಗುವಿನ ಯೋಗಕ್ಷೇಮದ ಚಿಂತೆ ಹತ್ತಿಕೊಂಡಿತು. ಕಲೆಯ ಕೆಲಸ ಇದಕ್ಕಿಂತ ಬೇರೆಯಲ್ಲ. ಅದು ನಮ್ಮನ್ನು ಯಾರ ಹೆಸರಿನಲ್ಲಿ ಕರೆಯಿತೆಂಬುದನ್ನು ಆಮೇಲೆ ಕೇಳಿದರೂ ನಡೆದೀತು.